ಬಚ್ಚಪ್ಪ ಆರಿಸಿ ತಂದ ಮಚ್ಚು

ಹೆಣ್ಣು ನೋಡಲು ಹೋಗುವಾಗ ಸೋದರಮಾವನನ್ನು ಕರೆದೊಯ್ಯುವ ಹಾಗೆ, ಬಾಗಲೂರು ಸುತ್ತಿನ ಹಳ್ಳಿಗಳಲ್ಲಿ ಮಚ್ಚು ಕೊಳ್ಳಲು ಹೋಗುವವರು ಬಚ್ಚಪ್ಪನನ್ನು ಕರೆದೊಯ್ಯುತ್ತಿದ್ದರು. ಅವನೇನು ಕಮ್ಮಾರನಲ್ಲ. ರಾಗಿ ಹೊಲ, ಒಂದು ಜೊತೆ ಎತ್ತು ಇದ್ದ ರೈತ. ಆದರೆ ಸುಗ್ಗಿ ಮುಗಿದ ಮೇಲೆ ಪ್ರತಿ ವರ್ಷ ಮೂರು ನಾಲ್ಕು ತಿಂಗಳು ಅಂಚೆಟ್ಟಿ ಕಡೆಯ ಕಾಡಿಗೆ ಬಿದಿರು ಕಡಿಯಲು ಹೋಗಿ, ಅಲ್ಲೇ ಬಿಡಾರ ಹೂಡಿ, ಅಲ್ಲೇ ಬೇಯಿಸಿಕೊಂಡು ತಿಂದು ಬರುತ್ತಿದ್ದವನು.

"ಮನೆ ಮಚ್ಚು ಬ್ಯಾರೆ, ಕಾಡು ಮಚ್ಚು ಬ್ಯಾರೆ" ಎನ್ನುತ್ತಿದ್ದ. "ಮನೇಲಿ ಮುರುದ್ರೆ ಪಕ್ಕದ ಮನೇಲಿ ಕೇಳಿ ತರಬಹುದು. ಕಾಡಲ್ಲಿ ಯಾರನ್ನ ಕೇಳ್ತೀಯ? ಗುಡ್ಲು ಕಟ್ಟಕ್ಕೂ ಅದೇ, ಸೌದೆ ಸೀಳಕ್ಕೂ ಅದೇ, ಗೂಟ ಬಡಿಯಕ್ಕೂ ಅದರ ಬೆನ್ನೇ."

ಅವನು ಮಚ್ಚು ನೋಡುವುದನ್ನು ನೋಡಲೆಂದೇ ನಾಲ್ಕು ಜನ ನಿಲ್ಲುತ್ತಿದ್ದರು. ಮೊದಲು ಮೊಣಕೈಯಿಂದ ಮಣಿಕಟ್ಟಿನವರೆಗೆ ಇಟ್ಟು ಉದ್ದ ನೋಡುವನು. ಅದಕ್ಕಿಂತ ಉದ್ದವಾದರೆ ಪೊದೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಗಿಡ್ಡವಾದರೆ ಏಟಿಗೆ ತೂಕ ಇರುವುದಿಲ್ಲ. ಆಮೇಲೆ ತೊಟ್ಟು. ಅಲಗಿನ ಹಿಂದಿನ ಕಬ್ಬಿಣ ಹಿಡಿಯೊಳಗೆ ಪೂರಾ ತೂರಿ ಆ ತುದಿಯಲ್ಲಿ ಮುಖ ತೋರಿಸಬೇಕು. ಅರ್ಧಕ್ಕೇ ನಿಲ್ಲಿಸಿ ಅರಗು ಸುರಿದು ಕೂರಿಸಿದ್ದನ್ನು ಅವನು ಕೈಯಲ್ಲಿ ಮುಟ್ಟುತ್ತಿರಲಿಲ್ಲ. ಕೊನೆಗೆ ಹಿಡಿಯನ್ನು ಎರಡೇ ಬೆರಳಲ್ಲಿ ತೂಗುಬಿಟ್ಟು ಅಲಗಿಗೆ ಉಗುರಿನಿಂದ ಟಿಂಗನೆ ಬಾರಿಸಿ ಕಿವಿ ಹತ್ತಿರ ತರುವನು. ಒಳ್ಳೆಯ ಉಕ್ಕು ಗಂಟೆಯ ಹಾಗೆ ನಾದ ಎಳೆಯುತ್ತದೆ. ಒಳಗೆ ಬಿರುಕಿದ್ದರೆ ಒಡಕು ಮಡಕೆಯ ಹಾಗೆ 'ಟಕ್' ಎಂದು ನಿಂತುಬಿಡುತ್ತದೆ.

ಯುದ್ಧದ ಕಾಲ ಅದು. ಪೆಟ್ರೋಲು ಸಿಗದೆ ಬಸ್ಸುಗಳು ಬೆನ್ನಿಗೆ ಇದ್ದಿಲ ಒಲೆ ಕಟ್ಟಿಕೊಂಡು ಕೆಮ್ಮುತ್ತಾ ಓಡುತ್ತಿದ್ದವು. ದಂಡಿನವರ ಡೇರೆಗಳಿಗೆ ಬಿದಿರು ಬೇಕೆಂದು ನಲವತ್ಮೂರರ ಚಳಿಗಾಲದಲ್ಲಿ ಗುತ್ತಿಗೆದಾರರು ಹಳ್ಳಿಹಳ್ಳಿಗೂ ಹೇಳಿ ಕಳಿಸಿದರು. ಮೇಸ್ತ್ರಿ ಅಶ್ವತ್ಥಪ್ಪ ಆಳುಗಳನ್ನು ಕೂಡಿಸುತ್ತಿದ್ದ. ಮಚ್ಚು ಅವರವರದೇ ತರಬೇಕು, ಸೋಮವಾರ ಬೆಳಿಗ್ಗೆ ಲಾರಿ ಹೊರಡುತ್ತದೆ ಎಂದ.

ಬಚ್ಚಪ್ಪನ ಮನೆಯ ಬೇಲಿಗೆ ಅಂಟಿದಂತೆ ಆವುಲಪ್ಪನ ಮನೆ. ಇಬ್ಬರೂ ಒಂದೇ ವಾರಿಗೆಯವರು, ಒಂದೇ ಕೆರೆಯಲ್ಲಿ ಈಜು ಕಲಿತವರು. ಕಾಡಿನ ಕೆಲಸದಲ್ಲಿ ಮಾತ್ರ ಆವುಲಪ್ಪನೇ ಒಂದು ಕೈ ಮೇಲು. ಬಚ್ಚಪ್ಪ ಮೂರು ಏಟು ಹಾಕುವ ಕಡೆ ಅವನು ಎರಡೇ ಹಾಕುತ್ತಿದ್ದ. ಅಶ್ವತ್ಥಪ್ಪ ಎಲ್ಲರೆದುರಿಗೆ "ಆವುಲಪ್ಪನ ಕೈ ನೋಡಿ ಕಲ್ತುಕೊಳ್ರಲಾ" ಎಂದಾಗ ಬಚ್ಚಪ್ಪನೂ ಉಳಿದವರ ಜೊತೆ ನಗುತ್ತಿದ್ದ. ಆ ನಗು ಹೊಟ್ಟೆಯವರೆಗೆ ಇಳಿಯುತ್ತಿರಲಿಲ್ಲ.

ಆ ವರ್ಷ ಇಬ್ಬರ ಮಚ್ಚೂ ಸವೆದು ಕುಡುಗೋಲಾಗಿದ್ದವು. ಆವುಲಪ್ಪನಿಗೆ ಹುರುಳಿ ಬಡಿಯುವ ಕೆಲಸ ಬಾಕಿಯಿತ್ತು. "ನಂಗೂ ಒಂದು ನೋಡ್ಕೊಂಡು ಬಾರಲಾ" ಎಂದ. "ನಿನ್ನ ಕಣ್ಣಿಗೆ ಬಿದ್ದದ್ದಾದ್ರೆ ನಾನು ತಿರುಗಿಸಿ ನೋಡೋದೂ ಬ್ಯಾಡ."

ಭಾನುವಾರ ಬಚ್ಚಪ್ಪ ಬಾಗಲೂರಿನ ಪಾಪಯ್ಯಾಚಾರಿಯ ಕುಲುಮೆಗೆ ಹೋದ. ಕಾಡಿಗೆ ಹೊರಟವರೆಲ್ಲ ಮೊದಲೇ ಬಂದು ಒಯ್ದುಬಿಟ್ಟಿದ್ದರು. ಉಳಿದಿದ್ದವು ಎರಡೇ. ಎರಡೂ ಒಂದೇ ಲಾರಿಯ ಮುರಿದ ಸ್ಪ್ರಿಂಗ್ ಪಟ್ಟಿಯಿಂದ ಬಡಿದವು, ಅವಳಿ ಮಕ್ಕಳ ಹಾಗೆ ಇದ್ದವು. ಮೊದಲನೆಯದನ್ನು ಬಾರಿಸಿದ. ನಾದ ಎಳೆಯಿತು, ಎಷ್ಟು ಹೊತ್ತೆಂದರೆ ಪಾಪಯ್ಯಾಚಾರಿಯ ತಿದಿಯ ಸದ್ದಿನ ನಡುವೆಯೂ ಕೇಳಿಸಿತು. ಎರಡನೆಯದನ್ನು ಬಾರಿಸಿದ. ಟಕ್.

ಪಾಪಯ್ಯಾಚಾರಿ ಮುಚ್ಚಿಡುವ ಮನುಷ್ಯನಲ್ಲ. "ಅದನ್ನ ಕಾಯಿಸಿ ನೀರು ಕುಡಿಸುವಾಗ ಹದ ತಪ್ಪಿತು" ಎಂದ. "ಹಿಡಿ ಸೇರೋ ಕತ್ತಿನ ಹತ್ರ ಕೂದಲೆಳೆಯಂಗೆ ಬಿರುಕು ಬಿಟ್ಟದೆ ನೋಡು. ಮನೇಲಿ ಕಾಯಿ ಒಡೆಯಕ್ಕೆ, ಸೊಪ್ಪು ಸವರಕ್ಕೆ ಆಯ್ತದೆ. ಬಿದಿರಿಗೆ ತಕ್ಕೊಂಡು ಹೋಗಬ್ಯಾಡ. ಗುರುವಾರದ ಹೊತ್ಗೆ ಇನ್ನೊಂದು ಬಡುದು ಕೊಡ್ತೀನಿ."

"ಲಾರಿ ನಾಳೆನೇ ಹೊಂಡ್ತದೆ" ಎಂದ ಬಚ್ಚಪ್ಪ. ಬಿರುಕು ಮಚ್ಚನ್ನು ಮೊದಲನೆಯದರ ಪಕ್ಕಕ್ಕೆ ಎಳೆದುಕೊಂಡ. ಆಮೇಲೆ, "ಇದೂ ಇರಲಿ. ಮನೆಗೇ, ಅಕ್ಕಯಮ್ಮಂಗೆ" ಎಂದ. ಅಕ್ಕಯಮ್ಮ ಅವನ ಹೆಂಡತಿ. ಅವಳ ಮಚ್ಚು ಚೆನ್ನಾಗಿಯೇ ಇತ್ತು.

ಊರಿಗೆ ಬರುವ ದಾರಿಯುದ್ದಕ್ಕೂ ಅವನು ಆವುಲಪ್ಪನಿಗೆ ಹೇಳಬೇಕಾದ ಮಾತನ್ನು ಬಾಯಲ್ಲಿ ಉರುಳಿಸುತ್ತಾ ಬಂದ. ಒಂದು ಮಚ್ಚು ಸರಿ ಇಲ್ಲ ಕಣ್ಲಾ, ಇಬ್ಬರೂ ಸರದಿ ಮೇಲೆ ಒಳ್ಳೇದನ್ನ ಬಳಸೋಣ. ಇಲ್ಲವೇ, ಇದರಲ್ಲಿ ಬರೀ ಸಣ್ಣ ಕವಲು ಸವರು, ಗೆಣ್ಣಿಗೆ ಏಟು ಹಾಕಬೇಡ. ಹೇಳಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಆವುಲಪ್ಪ ಕಣದಲ್ಲಿ ಬೆವರು ಒರೆಸಿಕೊಳ್ಳುತ್ತಾ ಎದುರು ಬಂದು, ಬಚ್ಚಪ್ಪ ಚಾಚಿದ ಮಚ್ಚನ್ನು ತೆಗೆದುಕೊಂಡು, ನೋಡದೆಯೇ ಸೊಂಟಕ್ಕೆ ಸಿಕ್ಕಿಸಿ, "ನೀನು ತಂದೆ ಅಂದಮೇಲೆ ಇನ್ನೇನು" ಎಂದ. ಬಚ್ಚಪ್ಪನ ಬಾಯಲ್ಲಿದ್ದ ಮಾತು ಅಲ್ಲೇ ಒಣಗಿತು. ಯಾವುದನ್ನು ಚಾಚಬೇಕು ಎಂದು ಕೈಗೆ ಮೊದಲೇ ಗೊತ್ತಿದ್ದಂತಿತ್ತು.

ಅಂಚೆಟ್ಟಿ ದಾಟಿ ಆರು ಮೈಲಿ ಒಳಗೆ, ಹಳ್ಳದ ದಂಡೆಯಲ್ಲಿ ಬಿಡಾರ ಬಿತ್ತು. ಇಬ್ಬರಿಗೂ ಒಂದೇ ಗುಡಿಸಲು. ಬಚ್ಚಪ್ಪನ ಮಚ್ಚು ಬೆಣ್ಣೆಯಲ್ಲಿ ಹೋದಂತೆ ಬಿದಿರಲ್ಲಿ ಹೋಗುತ್ತಿತ್ತು. ದಿನವೂ ಕೆಲಸಕ್ಕೆ ಹೊರಡುವ ಮುಂಚೆ ಹಳ್ಳದ ಕಲ್ಲಿಗೆ ಎರಡು ಸಲ ಎಳೆದರೆ ಸಾಕು, ಸಾಯಂಕಾಲದವರೆಗೆ ಹರಿತ ಕೆಡುತ್ತಿರಲಿಲ್ಲ. ಆ ವಾರ ಮೊದಲ ಸಲ ಅವನ ಬಿದಿರ ರಾಶಿ ಆವುಲಪ್ಪನದಕ್ಕಿಂತ ಎತ್ತರಕ್ಕೆ ನಿಂತಿತು. ಅಶ್ವತ್ಥಪ್ಪ ರಾಶಿಯ ಸುತ್ತ ಒಂದು ಸುತ್ತು ಬಂದು "ಏನ್ಲಾ ಬಚ್ಚ" ಎಂದು ಬೆನ್ನು ತಟ್ಟಿದ. ಬಚ್ಚಪ್ಪನಿಗೆ ಆದ ಸಂತೋಷ ಸುಳ್ಳಲ್ಲ. ಅದನ್ನು ನೆನೆಸಿಕೊಂಡೇ ಅವನು ಮುಂದೆ ಎಷ್ಟೋ ಸಲ ಬೆವರಿದ್ದು.

ದಿನಕ್ಕೊಂದು ಸಲವಾದರೂ ಹೇಳಬೇಕೆನ್ನಿಸುತ್ತಿತ್ತು. ಒಂದೇ ಒಂದು ದಿನ ಗಂಟಲವರೆಗೆ ಬಂದದ್ದು ಬೇರೆ ಮಾತಾಗಿ ಹೊರಟಿತು. "ಅಲಗು ಕಚ್ಕೊಂಡಾಗ ತಿರುಚಬ್ಯಾಡ ಕಣ್ಲಾ. ನೆಟ್ಟಗೆ ಎಳಕೊ" ಎಂದ. ಆವುಲಪ್ಪ "ಆಗಲಿ ಗುರುವೇ" ಎಂದು ನಕ್ಕ.

ಹನ್ನೆರಡನೆಯ ದಿನ, ಊಟದ ಹೊತ್ತಿಗೆ ಇನ್ನೂ ಸ್ವಲ್ಪ ಇತ್ತು. ಇಪ್ಪತ್ತು ಮಾರು ಆಚೆ ಮೆಳೆಯಲ್ಲಿ ಆವುಲಪ್ಪ ಒಂದು ಬಲಿತ ಬಿದಿರನ್ನು ಹೊಡೆಯುತ್ತಿದ್ದ. ಏಟಿನ ಸದ್ದುಗಳ ನಡುವೆ ಒಂದು ಬೇರೆ ಸದ್ದಾಯಿತು. ಬಚ್ಚಪ್ಪ ತಿರುಗಿ ನೋಡಲಿಲ್ಲ. ನೋಡದೆಯೇ ಅವನಿಗೆ ಗೊತ್ತಾಗಿತ್ತು. ಆಮೇಲೆ ಓಡಿದ.

ಮಚ್ಚು ಕತ್ತಿನಲ್ಲಿ ಮುರಿದು, ಅಲಗು ಗೆಣ್ಣಿಗೆ ಬಡಿದು ಹಿಂದಕ್ಕೆ ಹಾರಿ, ಆವುಲಪ್ಪನ ಎಡ ಮೊಣಕಾಲಿನ ಚಿಪ್ಪಿನ ಕೆಳಗೆ ಅಡ್ಡಕ್ಕೆ ಇಳಿದಿತ್ತು. ಅವನು ಬಿದಿರೆಲೆಗಳ ಮೇಲೆ ಕೂತಿದ್ದ. ಕೈಯಲ್ಲಿ ಬರೀ ಹಿಡಿ. ಮುಖ ಸುಣ್ಣದ ಹಾಗಾಗಿತ್ತು.

"ಮಚ್ಚು ಮುರ್ದುಬುಟ್ಟೆ ಕಣ್ಲಾ ಬಚ್ಚ" ಎಂದ. "ನೀನು ಹೇಳಿದ್ದೆ ತಿರುಚಬ್ಯಾಡ ಅಂತ. ಕೈ ಕೇಳಲಿಲ್ಲ."

ಬಚ್ಚಪ್ಪ ತನ್ನ ಪಂಚೆ ಹರಿದು ಆವುಲಪ್ಪನ ತೊಡೆಗೆ ಬಿಗಿದ. ತನ್ನ ಮಚ್ಚಿನಲ್ಲೇ ಎರಡು ಬಿದಿರು ಕಡಿದು, ನಡುವೆ ಕಂಬಳಿ ಕಟ್ಟಿ ಡೋಲಿ ಮಾಡಿದ. ಆ ಮಚ್ಚು ಅವತ್ತು ಎಷ್ಟು ಚೆನ್ನಾಗಿ ಕೆಲಸ ಮಾಡಿತೆಂದರೆ ಅದನ್ನು ನೋಡಲಾರದೆ ಅವನು ಬೆನ್ನ ಹಿಂದೆ ಸೊಂಟಕ್ಕೆ ಸಿಕ್ಕಿಸಿಕೊಂಡ. ಜನ ಡೋಲಿ ಎತ್ತುವ ಮುಂಚೆ ಅವನು ಎಲೆಗಳ ನಡುವೆ ತಡಕಿ ಮುರಿದ ಅಲಗನ್ನು ಎತ್ತಿಕೊಂಡ. ಮುರಿದ ಕಡೆ ಅರ್ಧ ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು, ಅದು ಈಗ ಮುರಿದದ್ದು. ಉಳಿದರ್ಧ ಕಪ್ಪಾಗಿತ್ತು, ಅದು ಕುಲುಮೆಯಿಂದಲೇ ಇದ್ದ ಬಿರುಕು. ಕಬ್ಬಿಣ ಬಲ್ಲ ಯಾರು ನೋಡಿದರೂ ಓದಿಕೊಳ್ಳುವಂತಿತ್ತು. ಬಚ್ಚಪ್ಪ ಅಲಗನ್ನೂ ಹಿಡಿಯನ್ನೂ ಹಳ್ಳದ ಮಡುವಿಗೆ ಎಸೆದ.

ಅಂಚೆಟ್ಟಿಯವರೆಗೆ ಆರು ಮೈಲಿ ಡೋಲಿ. ಹೊರುವವರು ಭುಜ ಬದಲಾಯಿಸಿದರು, ಬಚ್ಚಪ್ಪ ಮಾತ್ರ ತನ್ನ ಮೂಲೆ ಬಿಡಲಿಲ್ಲ. ಅಲ್ಲಿಂದ ಗಾಡಿ ಮೇಲೆ ಡೆಂಕಣಿಕೋಟೆಯ ಆಸ್ಪತ್ರೆಗೆ. ಡಾಕ್ಟರು ತಮಿಳಿನಲ್ಲಿ ಹೇಳಿದರು: ಜೀವಕ್ಕೆ ಭಯವಿಲ್ಲ, ಆದರೆ ನರ ಕಡಿದುಹೋಗಿದೆ, ಮೊಣಕಾಲು ಇನ್ನು ಮಡಿಸಲು ಬರುವುದಿಲ್ಲ.

ಹಾಗೆಯೇ ಆಯಿತು. ಎರಡು ತಿಂಗಳ ಮೇಲೆ ಆವುಲಪ್ಪ ಊರುಗೋಲು ಹಿಡಿದು ಮನೆಗೆ ಬಂದ. ಕೋಲು ಆಮೇಲೆ ಬಿಟ್ಟ, ಕಾಲು ಮಾತ್ರ ಗೂಟದ ಹಾಗೆ ನೆಟ್ಟಗೇ ಉಳಿಯಿತು. ಮದುವೆ ಊಟದ ಪಂಕ್ತಿಯಲ್ಲಿ ಎಲ್ಲರೂ ಚಕ್ಕಳಮಕ್ಕಳ ಹಾಕಿ ಕೂತರೆ ಅವನ ಎಡಗಾಲು ಎಲೆಯ ಪಕ್ಕ ಮುಂದಕ್ಕೆ ಚಾಚಿರುತ್ತಿತ್ತು. ಬಡಿಸುವವರು ಅದನ್ನು ಬಳಸಿಕೊಂಡು ಹೋಗುತ್ತಿದ್ದರು. ಬಚ್ಚಪ್ಪ ಎದುರು ಸಾಲಿನಲ್ಲಿ ಕೂತಿದ್ದರೆ ಅರ್ಧ ಊಟಕ್ಕೇ ಎಲೆ ಮಡಿಸಿಬಿಡುತ್ತಿದ್ದ.

ಇಷ್ಟೇ ಆಗಿದ್ದರೆ ಹೇಗೋ. ಆದರೆ ಆವುಲಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ: "ಬಚ್ಚ ಇಲ್ದಿದ್ರೆ ನಾನು ಕಾಡಲ್ಲೇ ಮಣ್ಣಾಗೋಗ್ತಿದ್ದೆ. ಆರು ಮೈಲಿ ಕಣ್ರಪ್ಪ, ಭುಜ ಬದಲಾಯಿಸಲಿಲ್ಲ. ನಾನು ಪಾಪಿ, ಅಂಥಾ ಮಚ್ಚು ತಂದುಕೊಟ್ರೆ ಮುರುದು ಕೂತೆ." ಊರಲ್ಲಿ ಬಚ್ಚಪ್ಪನ ಹೆಸರು ದೊಡ್ಡದಾಯಿತು. ಸ್ನೇಹ ಅಂದರೆ ಹಾಗಿರಬೇಕು ಎಂದರು. ಮಚ್ಚು ನೋಡಲು ಕರೆಯುವವರು ಮೊದಲಿಗಿಂತ ಹೆಚ್ಚಾದರು. ಅವನು ನೆಪ ಹೇಳಿದ, ಕಣ್ಣು ಮಂಜು ಎಂದ. ಕೇಳುವವರು ಬಿಡಲಿಲ್ಲ. ಹೋಗಿ ಬಾರಿಸಿ ಕಿವಿಗಿಟ್ಟುಕೊಂಡರೆ ಪ್ರತಿ ಅಲಗಿನಲ್ಲೂ ಅವನಿಗೆ 'ಟಕ್' ಎಂದೇ ಕೇಳಿಸುತ್ತಿತ್ತು.

ಒಂದೂವರೆ ವರ್ಷ ಹೀಗೆ ಕಳೆಯಿತು. ಆವುಲಪ್ಪ ಆಮೇಲೆ ಕಬ್ಬಿಣ ಮುಟ್ಟಿರಲಿಲ್ಲ. ಹಬ್ಬಕ್ಕೆ ತೆಂಗಿನಕಾಯಿ ಒಡೆಯುವುದಕ್ಕೂ ಹೆಂಡತಿ ನರಸಮ್ಮನನ್ನು ಕರೆಯುವನು. "ನನ್ನ ಕೈ ಕೆಟ್ಟ ಕೈ" ಎನ್ನುವನು. ಮನೆ ನಡೆಯಬೇಕಲ್ಲ, ಬೇಲಿಮುಳ್ಳು, ಲಂಟಾನ ಕಡಿದು ಸೌದೆ ಹೊರೆ ಮಾಡಿ ಮಾರುವ ಕೆಲಸಕ್ಕೆ ನರಸಮ್ಮ ನಿಂತಳು. ನಲವತ್ತೈದರ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಬೇಲಿಯ ಹತ್ತಿರ ಬಂದು ಬಚ್ಚಪ್ಪನನ್ನು ಕರೆದಳು.

"ಅಣ್ಣ, ನಂಗೊಂದು ಮಚ್ಚು ಬೇಕು. ಇರೋದು ಹಲ್ಲು ಬಿದ್ದೋಗದೆ. ನೀನು ಬಂದು ನೋಡಿಕೊಡು."

ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆದರೆ ಪಾಪಯ್ಯಾಚಾರಿಯ ಎದುರಿಗೆ ಇವಳನ್ನು ನಿಲ್ಲಿಸುವುದು ಹೇಗೆ? ಆ ಮನುಷ್ಯ ಬಾಯಿ ತಪ್ಪಿಯಾದರೂ 'ಆವತ್ತಿನ ಬಿರುಕು ಮಚ್ಚು ಏನಾಯ್ತು' ಎಂದುಬಿಟ್ಟರೆ? "ಹೊಸೂರಿಗೆ ಹೋಗೋಣ" ಎಂದ ಬಚ್ಚಪ್ಪ. "ಪಾಪಯ್ಯಾಚಾರಿ ಕುಲುಮೆ ಹಚ್ಚಿಲ್ವಂತೆ."

ಬಾಗಲೂರು ದಾಟುವಾಗ ಕುಲುಮೆಯ ಮೇಲೆ ಹೊಗೆ ಏಳುತ್ತಿತ್ತು. ಸುತ್ತಿಗೆಯ ಸದ್ದು ರಸ್ತೆಗೇ ಕೇಳುತ್ತಿತ್ತು. ನರಸಮ್ಮ ನಿಂತಳು. "ಕುಲುಮೆ ಉರೀತಾ ಅದಲ್ಲಣ್ಣ?"

"ಉರೀಲಿ ಬಿಡು. ಅವನ ಹದ ಈಗ ಸರಿಯಿಲ್ಲ."

ಅವಳು ನಾಲ್ಕು ಹೆಜ್ಜೆ ಅವನ ಹಿಂದೆ ಬಂದಳು. ಆಮೇಲೆ ನಿಧಾನವಾಗಿ ಕೇಳಿದಳು: "ಆವತ್ತಿಂದೂ ಅವನು ಬಡಿದಿದ್ದೇ ಅಲ್ವಾ? ಹಂಗಾದ್ರೆ ತಪ್ಪು ನನ್ನ ಗಂಡಂದಲ್ಲ. ಆಚಾರಿದು. ನಾನು ಹೋಗಿ ಕೇಳ್ತೀನಿ."

ಅವಳು ಆಗಲೇ ತಿರುಗಿದ್ದಳು. ಬಚ್ಚಪ್ಪ ರಸ್ತೆಯ ನಡುವೆ ನಿಂತ. ಒಂದು ಸುಳ್ಳನ್ನು ಮುಚ್ಚಲು ಹೋಗಿ, ನಿಜ ಹೇಳಿದ ಮನುಷ್ಯನ ಬಾಗಿಲಿಗೆ ಈ ಹೆಂಗಸನ್ನು ಜಗಳಕ್ಕೆ ಕಳಿಸುತ್ತಿದ್ದೇನೆ ಎಂಬುದು ಅವನ ತಲೆಗೆ ಇಳಿಯಿತು.

"ನರಸಮ್ಮ, ನಿಂತುಕೊ" ಎಂದ. "ಆಚಾರಿ ತಪ್ಪಿಲ್ಲ. ಅವನು ಬಿರುಕದೆ ಅಂತ ಹೇಳಿದ್ದ. ನಾನು ಮನೆಗೆ ಅಂತ ಸುಳ್ಳು ಹೇಳಿ ತಂದೆ. ಒಳ್ಳೇದನ್ನ ನಾನು ಇಟ್ಕೊಂಡು, ಅದನ್ನ ಆವುಲಂಗೆ ಕೊಟ್ಟೆ. ಗೊತ್ತಿದ್ದೇ ಕೊಟ್ಟೆ. ಮುರಿದ ಚೂರನ್ನ ಹಳ್ಳಕ್ಕೆ ಎಸೆದೋನೂ ನಾನೇ."

ಎತ್ತಿನಗಾಡಿಯೊಂದು ಅವರನ್ನು ಬಳಸಿ ಮುಂದೆ ಹೋಯಿತು. ನರಸಮ್ಮ ಅವನ ಮುಖವನ್ನು ನೋಡಿದಳು, ಅವನನ್ನು ಅದೇ ಮೊದಲು ಕಾಣುತ್ತಿರುವವಳ ಹಾಗೆ. ಅಳುತ್ತಾಳೆ, ಬೈಯುತ್ತಾಳೆ ಎಂದು ಅವನು ಕಾದ. ಅವಳು ಎರಡನ್ನೂ ಮಾಡಲಿಲ್ಲ.

"ನನ್ನ ಮಚ್ಚು ನೀನೇ ಇಟ್ಕೊ" ಎಂದು ಬಚ್ಚಪ್ಪ ತಡವರಿಸಿದ. "ಆವತ್ತಿನ ಒಳ್ಳೇದು. ಆಗಲಿಂದ ಅಟ್ಟದ ಮೇಲೇ ಅದೆ, ನಾನು ಮುಟ್ಟಿಲ್ಲ."

"ಅದು ನಿಂಗೆ ಅಂತ ನೀನು ಆರಿಸಿಕೊಂಡಿದ್ದು. ನಂಗ್ಯಾಕೆ?" ಎಂದಳು. "ನಡಿ. ಒಳ್ಳೇದು ಯಾವುದು, ಕೆಟ್ಟದ್ದು ಯಾವುದು ಅಂತ ಹೆಂಗೆ ನೋಡಬೇಕೋ ನಂಗೆ ಹೇಳಿಕೊಡು. ಇನ್ಮೇಲೆ ನಾನು ಯಾರನ್ನೂ ಕೇಳೋ ಹಂಗಿರಬಾರದು."

ಪಾಪಯ್ಯಾಚಾರಿ ತಲೆ ಎತ್ತಿ ನೋಡುವಷ್ಟರಲ್ಲಿ ನರಸಮ್ಮ ಬಾಗಿಲಲ್ಲೇ ನಿಂತು, "ಆ ಬಿರುಕು ಮಚ್ಚು ನನ್ನ ಗಂಡನ ಕೈಗೆ ಬಂದಿತ್ತು ಆಚಾರಿ" ಎಂದಳು. ಅವನು ಬಚ್ಚಪ್ಪನ ಕಡೆ ನೋಡಿದ. ಕೆಂಪಗೆ ಕಾದಿದ್ದ ಕಬ್ಬಿಣ ಅಡಿಗಲ್ಲಿನ ಮೇಲೆ ಹಾಗೇ ಕಪ್ಪಾಗುತ್ತಾ ಬಂತು.

"ಆವತ್ತೇ ಅದನ್ನ ಮುರುದು ಬೆಂಕಿಗೆ ಹಾಕಬೇಕಿತ್ತು ನಾನು" ಎಂದ ಕೊನೆಗೆ. "ಇಟ್ಟಿದ್ದು ನನ್ನ ತಪ್ಪು." ತಪ್ಪೇ ಇಲ್ಲದವನು ತಪ್ಪು ಹೊರಲು ಅಷ್ಟು ಬೇಗ ಭುಜ ಕೊಟ್ಟದ್ದನ್ನು ಕಂಡು ಬಚ್ಚಪ್ಪನಿಗೆ ನೆಲ ಬಿರಿಯಬಾರದೆ ಎನ್ನಿಸಿತು.

ಬಚ್ಚಪ್ಪ ನರಸಮ್ಮನಿಗೆ ಹೇಳಿಕೊಟ್ಟ. ಉದ್ದ, ತೊಟ್ಟು, ಕೈಯಲ್ಲಿ ಕೂರುವ ತೂಕ, ಅಂಚನ್ನು ಬಿಸಿಲಿಗೆ ಹಿಡಿದು ಒಂದು ಕಣ್ಣಲ್ಲಿ ನೋಡುವುದು, ಎರಡು ಬೆರಳಲ್ಲಿ ತೂಗಿ ಬಾರಿಸುವುದು. ನರಸಮ್ಮ ಅಲ್ಲಿದ್ದ ಏಳೂ ಮಚ್ಚುಗಳನ್ನು ಒಂದೊಂದಾಗಿ ಬಾರಿಸಿ ಕೇಳಿದಳು. ಬಚ್ಚಪ್ಪ ಒಂದನ್ನು ತೋರಿಸಲು ಕೈ ಎತ್ತಿದ. ಅವಳು ಅತ್ತ ನೋಡದೆ ಬೇರೆಯದೊಂದನ್ನು ತೆಗೆದುಕೊಂಡಳು. ಅದೂ ಒಳ್ಳೆಯದೇ ಆಗಿತ್ತು.

ವಾಪಸು ಬರುವಾಗ ಅವಳು ಆಡಿದ್ದು ಒಂದೇ ಮಾತು. "ನನ್ನ ಗಂಡಂಗೆ ನಾನು ಹೇಳಲ್ಲ. ನೀನೇ ಹೇಳಬೇಕು. ಇವತ್ತೇ."

ಹೊತ್ತು ಇಳಿಯುತ್ತಿತ್ತು. ಆವುಲಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದ. ಬಚ್ಚಪ್ಪನನ್ನು ಕಂಡು ಪಕ್ಕಕ್ಕೆ ಸರಿದು ಜಾಗ ಮಾಡಿದ. ಬಚ್ಚಪ್ಪ ಕೂರಲಿಲ್ಲ. ನಿಂತೇ ಎಲ್ಲ ಹೇಳಿದ. ನರಸಮ್ಮನಿಗೆ ಹೇಳಿದ್ದಕ್ಕಿಂತ ಹೆಚ್ಚು ಹೇಳಿದ. ಏಕೆಂದರೆ ಆವುಲಪ್ಪ ಕೇಳಿದ್ದು ಒಂದೇ: "ಯಾಕ್ಲಾ?"

"ನಿನ್ನ ಕೈ ನನ್ನ ಕೈಗಿಂತ ಮೇಲು ಅಂತ ಎಲ್ಲಾರೂ ಅಂತಿದ್ರಲ್ಲ" ಎಂದ ಬಚ್ಚಪ್ಪ. "ಒಂದು ವರ್ಷನಾದ್ರೂ ನನ್ನ ರಾಶಿ ದೊಡ್ಡದಾಗಲಿ ಅಂತ. ಕಾಲು ಹೋಯ್ತದೆ ಅಂತ ಅಂದುಕೊಂಡಿರಲಿಲ್ಲ. ಮುರಿದೇ ಮುರೀತದೆ ಅಂತಾನೂ ಅಂದುಕೊಂಡಿರಲಿಲ್ಲ. ಮುರಿಯಬಹುದು ಅಂತ ಮಾತ್ರ ಗೊತ್ತಿತ್ತು."

ಆವುಲಪ್ಪ ಹುಣಸೆ ಅಂಟಿದ ತನ್ನ ಬಲಗೈಯನ್ನು ಮುಂದೆ ಹಿಡಿದು ನೋಡಿಕೊಂಡ. ಹಿಂದೆ ತಿರುಗಿಸಿ ನೋಡಿದ, ಮತ್ತೆ ಮುಂದೆ ತಿರುಗಿಸಿ ನೋಡಿದ.

"ನಾನು ತಿರುಚಲಿಲ್ಲ" ಎಂದ. ಕೇಳಿದ್ದಲ್ಲ, ತನಗೇ ಹೇಳಿಕೊಂಡದ್ದು. "ನೆಟ್ಟಗೇ ಹೊಡೆದಿದ್ದೆ. ನಂಗೆ ನೆನಪಿತ್ತು ನೆಟ್ಟಗೇ ಹೊಡೆದಿದ್ದು. ಆದ್ರೂ ನೀನು ತಂದ ಮಚ್ಚು ಮುರಿಯಕ್ಕಿಲ್ಲ, ನನ್ನ ಕೈನೇ ತಪ್ಪಿರಬೇಕು ಅಂದುಕೊಂಡೆ. ಒಂದೂವರೆ ವರ್ಷ ಈ ಕೈನ ಬೈಕೊಂಡೆ ಕಣ್ಲಾ."

ಬಚ್ಚಪ್ಪನಿಗೆ ಕಾಲಿನ ಲೆಕ್ಕ ಗೊತ್ತಿತ್ತು. ಕೈಯದು ಗೊತ್ತಿರಲಿಲ್ಲ. ಕಾಲು ಹೋದದ್ದು ಬಿರುಕು ಬಿಟ್ಟ ಅಲಗಿನಿಂದ. ಕೈಯನ್ನು ಕಿತ್ತುಕೊಂಡದ್ದು ತನ್ನ ಮೌನ, ದಿನದಿನವೂ.

"ಈಗ ಹೋಗು" ಎಂದ ಆವುಲಪ್ಪ. ದನಿ ಏರಿರಲಿಲ್ಲ. "ನಾನಾಗಿ ಕರೆಯೋ ಗಂಟ ಬರಬ್ಯಾಡ."

ಬಚ್ಚಪ್ಪ ಮನೆಗೆ ಹೋಗಿ ಅಕ್ಕಯಮ್ಮನಿಗೆ ಹೇಳಿದ. ಎರಡು ದಿನ ಅವಳು ಮುದ್ದೆಯ ತಟ್ಟೆಯನ್ನು ಅವನ ಮುಂದಿಟ್ಟು ಒಳಗೆ ಹೋಗಿಬಿಡುತ್ತಿದ್ದಳು. ಮುಂದಿನ ವಾರ ಅಶ್ವತ್ಥಪ್ಪನ ಜಗಲಿಯಲ್ಲಿ ನಾಲ್ಕು ಜನ ಸೇರಿದ್ದಾಗ ಯಾರೋ ಆ ಆರು ಮೈಲಿಯ ಕಥೆ ತೆಗೆದರು. ಬಚ್ಚಪ್ಪ ಅವರ ಮಾತನ್ನು ಅಲ್ಲೇ ತಡೆದು ಇದ್ದದ್ದನ್ನು ಹೇಳಿಬಿಟ್ಟ. ಆಮೇಲೆ ಮಚ್ಚು ನೋಡಲು ಅವನನ್ನು ಯಾರೂ ಕರೆಯಲಿಲ್ಲ. ಆ ಚಳಿಗಾಲ ಕಾಡಿಗೆ ಹೋದಾಗ ಅವನ ಗುಡಿಸಲಿಗೆ ಇನ್ನೊಬ್ಬ ಪಾಲುಗಾರ ಸಿಗಲಿಲ್ಲ. ಒಬ್ಬನೇ ಕಟ್ಟಿಕೊಂಡ, ಒಬ್ಬನೇ ಬೇಯಿಸಿಕೊಂಡ. ಹೀಗಾಗಬೇಕಾದ್ದೇ ಎಂದುಕೊಂಡ. ಹಾಗೆಂದುಕೊಂಡರೂ ಸಂಜೆಗಳು ಉದ್ದವಾಗಿಯೇ ಇದ್ದವು.

ಬೇಲಿಯ ಆಚೆ ಏನಾಗುತ್ತಿದೆ ಎಂಬುದು ಕಿವಿಗೆ ಬೀಳುತ್ತಿತ್ತು. ಮೊದಲು ಕಾಯಿ ಒಡೆಯುವ ಸದ್ದು. ಆಮೇಲೆ ಒಂದು ದಿನ ಬಿದಿರು ಸೀಳುವ ಸದ್ದು, ಚರ್ರನೆ, ಒಂದೇ ಏಟಿಗೆ ಗೆಣ್ಣಿನಿಂದ ಗೆಣ್ಣಿಗೆ. ಆ ಕೈ ಯಾರದೆಂದು ಬಚ್ಚಪ್ಪ ಬೇಲಿಯ ಮೇಲಿಂದ ಇಣುಕಬೇಕಾಗಿರಲಿಲ್ಲ. ಆವುಲಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತು ಮೊರ, ಕುಕ್ಕೆ ಹೆಣೆಯಲು ಶುರುಮಾಡಿದ್ದ.

ಇನ್ನೊಂದು ವರ್ಷವೇ ಕಳೆಯಿತು. ಬಚ್ಚಪ್ಪ ಮತ್ತೆ ಕಾಡಿಗೆ ಹೊರಡುವ ಹಿಂದಿನ ದಿನ ನರಸಮ್ಮ ಬೇಲಿಯ ಹತ್ತಿರ ಬಂದು, "ಬರುವಾಗ ಎಳೇ ಬಿದಿರು ಒಂದು ಕಟ್ಟು ತತ್ತೀಯಾ ಅಂತ ನನ್ನ ಗಂಡ ಕೇಳವ್ನೆ" ಎಂದಳು.

ಅವನು ತಂದ. ಅಂಗಳದಲ್ಲಿ ಕಟ್ಟು ಇಳಿಸಿ ದೂರ ನಿಂತ. ಆವುಲಪ್ಪ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹಗ್ಗ ಬಿಚ್ಚಿ ಒಂದೊಂದೇ ಬಿದಿರನ್ನು ಎತ್ತಿ, ಬಿಸಿಲಿಗೆ ಹಿಡಿದು, ತಿರುಗಿಸಿ, ಬೆರಳಿಂದ ತಟ್ಟಿ ನೋಡಿದ. ಇಪ್ಪತ್ತು ಬಿದಿರನ್ನೂ ಹಾಗೆಯೇ ನೋಡಿದ. ಬಹಳ ಹೊತ್ತು ಹಿಡಿಯಿತು. ಬಚ್ಚಪ್ಪ ಅಲುಗಾಡದೆ ನಿಂತಿದ್ದ.

"ಇವೆರಡು ಬ್ಯಾಡ" ಎಂದು ಆವುಲಪ್ಪ ಎರಡನ್ನು ಪಕ್ಕಕ್ಕೆ ಹಾಕಿದ. "ಹುಳ ಹೊಡೆದವೆ."

"ನಾನು ನೋಡಿರಲಿಲ್ಲ" ಎಂದ ಬಚ್ಚಪ್ಪ. ನಿಜವಾಗಿಯೂ ನೋಡಿರಲಿಲ್ಲ. ಆದರೆ ಅದನ್ನು ನಂಬು ಎಂದು ಕೇಳುವ ಹಕ್ಕು ತನಗಿಲ್ಲ ಎಂದು ಗೊತ್ತಿತ್ತು.

ಆವುಲಪ್ಪ ಉಳಿದ ಹದಿನೆಂಟನ್ನು ಗೋಡೆಗೆ ಒರಗಿಸಿದ. ಬಚ್ಚಪ್ಪ ಆ ಎರಡನ್ನು ಹೆಗಲಿಗೆ ಹಾಕಿಕೊಂಡು ಬೇಲಿ ದಾಟಿದ. ಮುಂದಿನ ವರ್ಷವೂ ತಂದ, ಅದರ ಮುಂದಿನ ವರ್ಷವೂ. ಪ್ರತಿ ಸಲವೂ ಆವುಲಪ್ಪ ಒಂದೊಂದನ್ನೇ ತಟ್ಟಿ ನೋಡಿಯೇ ಒಳಕ್ಕೆ ತೆಗೆದುಕೊಂಡ. ಅವನು ಕೊನೆಯ ಬಿದಿರನ್ನು ಕೆಳಗಿಡುವವರೆಗೆ ಬಚ್ಚಪ್ಪ ಬಿಸಿಲಲ್ಲಿ ನಿಂತಿರುತ್ತಿದ್ದ.